ಬಂಪರಿನ ಭಾರ

ಕಬ್ಬು ಸಾಗಿಸುವ ಟ್ರ್ಯಾಕ್ಟರನ್ನು ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿ ಅವನು ಕೆಳಗಿಳಿದ. ಹಿಂದಿನ ಟ್ರೇಲರ್ ಖಾಲಿ ಇತ್ತು.

“ಕಬ್ಬು ಹೇರಿ ದಿಬ್ಬ ಏರುಮುಂದ ಮುಂದಿನ ಗಾಲಿ ಎರಡೂ ನೆಲ ಬಿಡ್ತಾವ. ಬಂಪರಿಗೆ ಕಬ್ಬಿಣ ಹಚ್ಚಿ ಭಾರ ಮಾಡಿಕೊಡ್ರಿ.”

“ಎಲ್ಲಾರದೂ ಇದ ಗೋಳು,” ಎಂದ ವೆಲ್ಡರ್. “ಇಷ್ಟು ದಿನ ಏನ್ ಮಾಡ್ತಿದ್ರಿ?”

“ನನ್ನ ತಮ್ಮ ಬಂಪರ್ ಮ್ಯಾಲ ಕುಂದರ್ತಿದ್ದ.”

ಬಂಪರಿನ ಮೇಲೆ ಮಡಚಿದ ಕೌದಿಯೊಂದನ್ನು ಹಗ್ಗದಿಂದ ಬಿಗಿದು ಕಟ್ಟಲಾಗಿತ್ತು. ಅದನ್ನು ನೋಡಿ ವೆಲ್ಡರ್ ನಕ್ಕ.

“ಮೆತ್ತಗ ಜಾಗಾ ಮಾಡಿಕೊಂಡಾನಲ್ಲ! ಬಿಚ್ರಿ ಅದನ್ನ, ಕಿಡಿ ಹಾರಿದ್ರ ಸುಡತೈತಿ.”

ಅವನು ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಕೌದಿಯನ್ನು ಸೀಟಿನ ಮೇಲಿಟ್ಟ.

“ಎಷ್ಟು ಕಿಲೋ ಹಚ್ಚಲಿ?”

“ಅರವತ್ತೆರಡು.”

“ಅರವತ್ತು ಮಾಡೂಣು. ತುಂಡು ಸರಿ ಬರ್ತಾವ.”

“ಬ್ಯಾಡ. ತಮ್ಮನ ತೂಕ ಅರವತ್ತೆರಡು. ಅಷ್ಟಕ್ಕ ಗಾಡಿ ನೆಟ್ಟಗ ಹೋಗ್ತಿತ್ತು.”

ವೆಲ್ಡರ್ ಕಬ್ಬಿಣದ ತುಂಡುಗಳನ್ನು ಕಾಟಾದ ಮೇಲೆ ಪೇರಿಸಿದ. ಮೂಲೆಯಲ್ಲಿ ತಡಕಾಡಿ ಎರಡು ಕಿಲೋದ ಚೂರೊಂದನ್ನು ಹುಡುಕಿ ಸೇರಿಸಿದ. ಎಲ್ಲವನ್ನೂ ಬೆಸೆದಾದ ಮೇಲೆ ಬಂಪರನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿದ.

“ತಗೋರಿ, ಆತು. ಇನ್ನ ನಿಮ್ಮ ತಮ್ಮ ಮನ್ಯಾಗ ಆರಾಮ ಮಲಗಲಿ.”

“ಹೂಂ.”

“ಅಲ್ರಿ, ಮನಿ ಮಂದಿ ತೂಕ ಇಷ್ಟು ಬರೋಬ್ಬರಿ ಯಾರಿಗೆ ಗೊತ್ತಿರತೈತಿ? ಎಲ್ಲಿ ತೂಗಿಸಿದ್ರಿ ಅವನ್ನ?”

ಅವನು ಹತ್ತಿ ಕುಳಿತು, ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಟ್ರ್ಯಾಕ್ಟರಿನ ಕೀಲಿ ತಿರುವಿದ.

“ಪೋಸ್ಟ್‌ಮಾರ್ಟಮ್ ಕಾಗದದಾಗ ಬರದಾರ.”