ಹೆಸರಿಲ್ಲದವರ ಚೀಟಿಗಳು

ಪುಸ್ತಕದ ಕೊನೆಗೆ ಹಾಕುವ ಪದಸೂಚಿಯ ಚೀಟಿಗಳನ್ನು ಊಟದ ಮೇಜಿನ ಮೇಲೆ ಅಕಾರಾದಿಯಾಗಿ ಜೋಡಿಸುತ್ತಿದ್ದವಳ ಕೈ 'ಹ'ಕ್ಕೆ ಬಂದು ನಿಂತಿತು. ಪ್ರಾಚೀನ ಯೆಹೂದಿ ಸಾಹಿತ್ಯದ ಹೆಂಗಸರನ್ನು ಹೆಣ್ಣಿನ ಕಣ್ಣಿನಿಂದ ಓದುವ ಪುಸ್ತಕ. ಬರೆದದ್ದು ಅವಳ ಗಂಡ. ಒಂದು ಹಿಡಿ ಚೀಟಿ ಎಲ್ಲೂ ಸೇರದೆ ಉಳಿದಿತ್ತು. ತಿರುಗಿ ನೋಡಿ ಉಪ್ಪಿನ ಕಂಬವಾದವಳು, ಅಪ್ಪನ ಹರಕೆಗೆ ಬಲಿಯಾದ ಮಗಳು, ಮಹಾಪ್ರಳಯಕ್ಕೆ ನಾವೆ ಕಟ್ಟಿದವನ ಹೆಂಡತಿ. ಮೂಲದಲ್ಲಿ ಇವರಿಗೆ ಹೆಸರೇ ಇಲ್ಲ.

"ರೀ, ಇವರನ್ನೆಲ್ಲ ಎಲ್ಲಿ ಹಾಕಲಿ?"

"ಹೆಸರಿಲ್ಲದವರಿಗೆ ಪದಸೂಚೀಲಿ ಏನೇ ಕೆಲಸ? ಗಂಡಂದಿರ, ಅಪ್ಪಂದಿರ ಹೆಸರಿನ ಕೆಳಗೆ ಸೇರಿಸಿಬಿಡು" ಎಂದ ಗಂಡ ಒಳಕೋಣೆಯಿಂದ. "ಅಂದಹಾಗೆ ಮುನ್ನುಡಿ ನೋಡಿದ್ಯಾ? ನಿನಗೂ ಥ್ಯಾಂಕ್ಸ್ ಹೇಳಿದೀನಿ!"

ನೋಡಿದಳು. ಒಂಬತ್ತನೇ ಪುಟದ ಕೊನೆಯ ಸಾಲು: 'ಪದಸೂಚಿ ಸಿದ್ಧಪಡಿಸಿದ ನನ್ನ ಹೆಂಡತಿಗೆ ಕೃತಜ್ಞತೆಗಳು.'

ಅವಳು ಆ ಹಿಡಿ ಚೀಟಿಗಳನ್ನು ಗಂಡಸರ ಕಟ್ಟಿನಿಂದ ದೂರ ಸರಿಸಿ, ಒಂದೊಂದರ ಮೇಲೂ ತಲೆಬರಹ ಬರೆದಳು. 'ಮಗಳು, ಹರಕೆ ಹೊತ್ತವನ: ಪುಟ 83.' 'ಹೆಂಡತಿ, ನಾವೆ ಕಟ್ಟಿದವನ: ಪುಟ 57.' ಆಮೇಲೆ ಖಾಲಿ ಚೀಟಿಯೊಂದನ್ನು ಎಳೆದುಕೊಂಡು, ಅದರ ಕೆಳಗೇ ಬರುವಂತೆ ಬರೆದಳು: 'ಹೆಂಡತಿ, ಲೇಖಕರ: ಪುಟ 9.'

"ಮುಗೀತೇನೇ?"

"ಮುಗೀತು ರೀ" ಎಂದು ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದಳು.