ಎಪ್ಪತ್ತು ಹೆಜ್ಜೆ

ಒಂದು ಸೀಮೆಯಂತೆ. ಆ ಸೀಮೆಯಲ್ಲಿ ಬೇಲಿಯಿಲ್ಲದ ನೆಲವಂತೆ, ನೆಲದ ನಡುವೆ ನೀರಂತೆ. ಯಾರು ಬೇಕಾದರೂ ಬಂದು ಡೇರೆ ಹಾಕಬಹುದು, ಯಾಕೆ ಬಂದೆ ಅಂತ ಕೇಳುವವರಿಲ್ಲ. ರಾಜ ಇಟ್ಟದ್ದು ಎರಡೇ ಕಟ್ಟಳೆ. ಹದಿನಾಲ್ಕು ದಿನಕ್ಕಿಂತ ಹೆಚ್ಚು ಇರಬಾರದು. ನೀರಿನಿಂದ ಎಪ್ಪತ್ತು ಹೆಜ್ಜೆಯೊಳಗೆ ಮಲಗಬಾರದು, ಯಾಕೆಂದರೆ ಜಿಂಕೆಗಳು ನೀರಿಗೆ ಬರಬೇಕಲ್ಲ. ಎಲ್ಲ ಸರಿಯೇ. ಆದರೆ ಯಾರ ಹೆಜ್ಜೆ ಅಂತ ಮಾತ್ರ ರಾಜ ಹೇಳಲೇ ಇಲ್ಲವಂತೆ.

ಅದೇ ಕಟ್ಟಳೆಗಳಿದ್ದ, ಅಮೆರಿಕದ ನೆವಾಡಾದ ಹಿನ್ನೀರಿನ ದಂಡೆಯಲ್ಲಿ ಮೂವತ್ತು ವರ್ಷ ರೇಂಜರ್ ಆಗಿದ್ದ ಹಾರ್ಲನ್‌ಗೆ ಆ ಅನುಮಾನ ಬಂದದ್ದೇ ಇಲ್ಲ. ಹೆಜ್ಜೆ ಅಂದರೆ ಅವನ ಹೆಜ್ಜೆ. ಕೊಕ್ಕರೆಯ ಹಾಗೆ ಉದ್ದಕಾಲಿನ ಆಳು. ನೀರಂಚಿನಿಂದ ಎಣಿಸುತ್ತಾ ಬಂದು ಎಷ್ಟು ಜನರ ಡೇರೆ ಕೀಳಿಸಿದ್ದನೋ ಲೆಕ್ಕವಿಲ್ಲ. ಈಗ ಅವನ ಶ್ವಾಸಕೋಶ ಕಮ್ಮಾರನ ಹಳೆಯ ತಿದಿಯಂತಾಗಿತ್ತು. ಇನ್ನು ನಮ್ಮ ಕೈಲಾಗುವುದೇನಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವನು ಹೆಂಡತಿ ನೆಲ್ಡಾಳನ್ನು ಕೇಳಿದ್ದು ಒಂದೇ: "ಮಲಗಿದಲ್ಲಿಂದ ನೀರು ಕಾಣ್ಬೇಕು ಕಣೇ. ಅಲ್ಲಿಗೆ ಕರ್ಕೊಂಡ್ ಹೋಗು."

ಕರೆತಂದಳು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಅವನು ನೀರಂಚಿನಿಂದ ಎಣಿಸುತ್ತಾ ಹೊರಟ. ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ನೆಲ್ಡಾ ಹಿಂದೆ ನಡೆದಳು. ಅವನ ಒಂದು ಪಾದ ಇನ್ನೊಂದು ಪಾದವನ್ನು ದಾಟಲೂ ತಿಣುಕಾಡುತ್ತಿತ್ತು. "ಎಪ್ಪತ್ತು!" ಎಂದು ನಿಂತ. ಮುಖದಲ್ಲಿ ಹಳೆಯ ರೇಂಜರ್‌ನ ಗತ್ತು. ನೀರು ಎಷ್ಟು ಹತ್ತಿರವಿದೆ ಎಂದು ನೆಲ್ಡಾ ಒಮ್ಮೆ ತಿರುಗಿ ನೋಡಿದಳು. ಅಲ್ಲೇ ಗೂಟ ಹೊಡೆದು, ಡೇರೆಯ ಬಾಗಿಲನ್ನು ನೀರಿಗೆ ತಿರುಗಿಸಿದಳು. ಎರಡು ದಿನ ಅವನು ದಿಂಬಿನಿಂದ ತಲೆ ಎತ್ತದೆಯೇ ನೀರು ನೋಡಿದ.

ಮೂರನೆಯ ಬೆಳಿಗ್ಗೆ ಕೊರಿನ್ ಬಂದಳು. ಈಗಿನ ರೇಂಜರ್, ಹಾರ್ಲನ್‌ನ ಕೈಕೆಳಗೇ ಕೆಲಸ ಕಲಿತವಳು.

"ಏನ್ ಬಾಸ್, ನೀರೊಳಗೇ ಕಾಲು ಚಾಚ್ಕೊಂಡು ಮಲ್ಗಿದೀರಾ?"

"ಎಪ್ಪತ್ತು ಎಣಿಸಿ ಹಾಕಿದ್ದು. ಬೇಕಾದ್ರೆ ಎಣಿಸ್ಕೋ ಹೋಗು."

ಕೊರಿನ್ ನೀರು ನೋಡಿದಳು, ಡೇರೆ ನೋಡಿದಳು, ನಗು ಅರ್ಧಕ್ಕೇ ನಿಂತಿತು. ಅವನ ಬೆನ್ನ ಹಿಂದೆ ಕಾಫಿ ಕೆಟಲ್ ಹಿಡಿದಿದ್ದ ನೆಲ್ಡಾ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

"ಇರ್ಲಿ ಬಿಡಿ. ನಿಮ್ಮ ಲೆಕ್ಕ ನಾನು ನೋಡೋದಾ?"

"ನಿನ್ನೆ ಆ ದೋಣಿಯವ್ರ ಟೆಂಟು ಕೀಳಿಸಿದ್ಯಲ್ಲ, ಅವ್ರದ್ದೆಷ್ಟಿತ್ತು?"

"ಅರವತ್ತು."

"ಮತ್ತೆ ನನ್ನದ್ಯಾಕೆ ಬಿಡ್ತೀಯ? ಸಾಯೋನು ಅಂತ್ಲಾ? ಎಣಿಸು. ಜೋರಾಗಿ ಎಣಿಸು, ನನ್ಗೆ ಕಿವಿ ಮಂದ."

ಕೊರಿನ್ ನೀರಂಚಿಗೆ ಹೋಗಿ ಎಣಿಸುತ್ತಾ ಹೊರಟಳು. ಒಂದು ಗಳಿಗೆ ಅವಳ ಹೆಜ್ಜೆ ಚಿಕ್ಕದಾಗಲು ನೋಡಿದ್ದು ನೆಲ್ಡಾಳ ಕಣ್ಣಿಗೆ ಬಿತ್ತು. ಆದರೆ ಆ ಕಾಲಿಗೆ ನಡೆಯುವುದನ್ನು ಕಲಿಸಿದವನೇ ಎದುರಿಗೆ ಕೂತು ನೋಡುತ್ತಿದ್ದನಲ್ಲ. ಹೆಜ್ಜೆ ತಾನಾಗಿಯೇ ಉದ್ದವಾಯಿತು. ಬೂಟು ಡೇರೆಯ ಹಗ್ಗಕ್ಕೆ ತಾಗಿದಾಗ ಅವಳ ಬಾಯಲ್ಲಿದ್ದದ್ದು ಮೂವತ್ತೆಂಟು.

ಯಾರದೋ ಪಾದಗಳು ತಪ್ಪಿ ತನ್ನ ಕಾಲಿಗೆ ಬಂದಿವೆಯೇನೋ ಎಂಬಂತೆ ಹಾರ್ಲನ್ ಕೆಳಗೆ ನೋಡಿದ.

"ಕಿತ್ತಾಕು," ಅಂದ.

"ಬಾಸ್, ನನ್ ಮಾತು ಸ್ವಲ್ಪ..."

"ಕಿತ್ತಾಕು ಅಂದೆ. ಹೇಳ್ಕೊಟ್ಟಿದ್ದು ಮರ್ತೋಯ್ತಾ? ನಮ್ ಕಾಯಿಲೆ ಕಟ್ಕೊಂಡು ಜಿಂಕೆಗೇನಾಗ್ಬೇಕು?"

ಹೆಂಗಸರಿಬ್ಬರೂ ಸೇರಿ ಡೇರೆಯನ್ನು ಮೇಲಕ್ಕೆ ಸಾಗಿಸಿದರು. ಎಪ್ಪತ್ತನೆಯ ಹೆಜ್ಜೆ ಬಿದ್ದದ್ದು ಒಂದು ದಿಬ್ಬದ ಹಿಂದೆ. ಬಾಗಿಲು ಯಾವ ಕಡೆ ತಿರುಗಿಸಿದರೂ ಕಾಣುವುದು ಬೂದು ಕುರುಚಲು, ದಿಬ್ಬದ ಬೆನ್ನು.

ಆ ಸಂಜೆ ಹಾರ್ಲನ್ ಅಂದ: "ಕೆಳಗಿನ ಹುಲ್ಲಿನ ಹೊಲಗಳಿಗೆ ತೂಬು ತೆಗೆದಿದಾರೆ. ದಿನಾ ನೀರು ಇಳಿಯುತ್ತೆ. ಹದಿನಾಲ್ಕನೇ ದಿನ ಹೊರಡೋ ಮುಂಚೆ, ನೀರಿಂದ ಹಳೇ ಜಾಗಕ್ಕೆ ಎಷ್ಟಾಗುತ್ತೆ ಅಂತ ಕೊರಿನ್ ಕೈಲೇ ಎಣಿಸಿಸ್ಬೇಕು. ಮಾತು ಕೊಡು."

ನೆಲ್ಡಾ ಕೊಟ್ಟಳು.

"ನಿಂಗೆ ಗೊತ್ತಿತ್ತಲ್ವಾ?"

"ಏನು?"

"ನನ್ ಹೆಜ್ಜೆ."

"ಕಾಫಿ ಆರಿಹೋಗ್ತಿದೆ, ಕುಡಿ," ಅಂದಳು ನೆಲ್ಡಾ.

ಒಂಬತ್ತನೆಯ ದಿನ, ದಿಬ್ಬಕ್ಕೆ ಮುಖ ಮಾಡಿಕೊಂಡೇ ಅವನು ತೀರಿಕೊಂಡ. ಪಟ್ಟಣದವರು ಬಂದು ದೇಹ ಒಯ್ದರು. ನೆಲ್ಡಾ ಮಾತ್ರ ಡೇರೆ ಬಿಟ್ಟು ಕದಲಲಿಲ್ಲ.

ಹದಿನಾಲ್ಕನೆಯ ದಿನ ಡೇರೆ ಮಡಚಲು ನೆರವಾಗೋಣವೆಂದು ಕೊರಿನ್ ಬಂದಳು. ನೆಲ್ಡಾ ಒಂದು ಗೂಟವನ್ನೂ ಕಿತ್ತಿರಲಿಲ್ಲ.

"ಮೊದ್ಲು ಎಣಿಸು."

"ನೆಲ್ಡಾ, ಬೇಡ. ದಮ್ಮಯ್ಯ ಅಂತೀನಿ."

"ಮಾತು ಕೊಟ್ಟಿದೀನಿ. ನಡಿ."

ನೀರು ಎಲ್ಲೋ ಕೆಳಗೆ ಸರಿದು, ಬಿರಿದ ಬಿಳಿ ಕೆಸರನ್ನು ಬಿಟ್ಟುಹೋಗಿತ್ತು. ಕೊರಿನ್ ಅದರಂಚಿನಿಂದ ಹೊರಟಳು. ಹಳೆಯ ಜಾಗದಲ್ಲಿ ಡೇರೆಯಷ್ಟೇ ಅಗಲಕ್ಕೆ ಹುಲ್ಲು ಹಳದಿಯಾಗಿತ್ತು, ನಾಲ್ಕು ಮೂಲೆಗೆ ನಾಲ್ಕು ಗೂಟದ ತೂತು. ಅರವತ್ತೆಂಟು. ಅರವತ್ತೊಂಬತ್ತು. ಮುಂದಿನ ಹೆಜ್ಜೆ ಹಳದಿ ಹುಲ್ಲಿನ ಅಂಚಿಗೇ ಬಿತ್ತು. ಕೊರಿನ್‌ಳ ತುಟಿ ಅಲುಗಿತು, ದನಿ ಹೊರಡಲಿಲ್ಲ.

"ಜೋರಾಗಿ ಹೇಳು," ಅಂದಳು ನೆಲ್ಡಾ. "ಅವನಿಗೆ ಕಿವಿ ಮಂದ."

ಕೊರಿನ್ ಜೋರಾಗಿ ಹೇಳಿದಳು.