ಬಾಗಿಲ ಹಿಂದಿನ ಕೋಟು

ಬೆಳಿಗ್ಗೆ ಆರೂವರೆಗೆ ಅವಳು ಕಣ್ಣು ಬಿಟ್ಟಾಗ ಅವರು ಬಾಗಿಲ ಹಿಂದೆ ನಿಂತೇ ಇದ್ದರು.

"ಇವತ್ತೇ," ಎಂದಳು, ದಿಂಬಿನಿಂದ ತಲೆ ಎತ್ತದೆ. "ಹತ್ತು ಗಂಟೆಗೆ. ನಿಮ್ಮ ತಂಗಿ ಬಂದು ಕರ್ಕೊಂಡು ಹೋಗ್ತಾಳೆ."

ಅವರು ಮಾತಾಡಲಿಲ್ಲ. ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಸತ್ತವರು ಮಾತಾಡುವುದಿಲ್ಲ ಎಂಬಷ್ಟು ಬುದ್ಧಿ ಅವಳಿಗಿತ್ತು. ಅಲ್ಲಿ ಮೊಳೆಗೆ ನೇತಾಡುವುದು ಅವರ ಬಟ್ಟೆಗಳಲ್ಲಿ ಉಳಿದ ಕಂದು ಕೋಟು ಎಂಬುದರಲ್ಲೂ ಅವಳಿಗೆ ಸಂಶಯವಿರಲಿಲ್ಲ.

ಎಂಟನೆಯ ವಯಸ್ಸಿನಿಂದ ಮೂಗಿನ ಮೇಲೆ ಸೋಡಾ ಬಾಟಲಿಯ ತಳ ಹೊತ್ತವಳು. ಕನ್ನಡಕ ತೆಗೆದರೆ ಲೋಕವೆಲ್ಲ ನೀರಿಗೆ ಬಿದ್ದ ಪತ್ರಿಕೆ. ಆ ಮಸುಕಿನಲ್ಲಿ ಕೋಟಿಗೆ ಭುಜ ಬರುತ್ತಿತ್ತು, ಕುತ್ತಿಗೆ ಬರುತ್ತಿತ್ತು, ಎಡಕ್ಕೆ ತುಸು ವಾಲಿ ನಿಲ್ಲುವ ಅವರ ಗತ್ತೂ ಬರುತ್ತಿತ್ತು. ಫ್ಯಾನಿನ ಗಾಳಿಗೆ ಒಮ್ಮೊಮ್ಮೆ ತೋಳೂ ಆಡುತ್ತಿತ್ತು.

ಅದಕ್ಕೇ ಅವಳು ತನಗೆ ತಾನೇ ಹಾಕಿಕೊಂಡ ಕಟ್ಟಳೆ ಒಂದಿತ್ತು: ಕನ್ನಡಕ ಹಾಕಿಕೊಂಡು ಆ ಕಡೆ ನೋಡಕೂಡದು. ಬೆಳಿಗ್ಗೆ ಅರ್ಧ ಗಂಟೆ ಮಾತು. ಆಮೇಲೆ ಬಾಗಿಲನ್ನು ಗೋಡೆಗೆ ತಾಗುವಂತೆ ತೆರೆದು, ಬೆನ್ನು ತಿರುಗಿಸಿ, ಕನ್ನಡಕ. ಮತ್ತೆ ಬಾಗಿಲು ಮುಚ್ಚುವುದು ಮಲಗುವಾಗ, ಕನ್ನಡಕ ತೆಗೆದಿಟ್ಟ ಮೇಲೆಯೇ. ನಿಚ್ಚಳವಾಗಿ ಕಂಡರೆ ಅದು ಬರೀ ಬಟ್ಟೆ. ಬಟ್ಟೆ ನೋಡುವುದಕ್ಕೆ ಲಾಂಡ್ರಿ ಇತ್ತಲ್ಲ.

ಲಾಂಡ್ರಿಯಲ್ಲಿ ಅವಳದು ಇಸ್ತ್ರಿ ಕೆಲಸ. "ಬೇರೆಯವರ ಮನೇಲಿ ಸ್ತ್ರೀ, ನಮ್ಮನೇಲಿ ಇಸ್ತ್ರಿ," ಎಂದು ಅವರು ಚುಡಾಯಿಸುತ್ತಿದ್ದರು. ಒಮ್ಮೆ ಕೈಗೆ ಬಂದ ಬಟ್ಟೆಯ ಹೊಲಿಗೆಯನ್ನೂ ಅವಳು ಮರೆಯುತ್ತಿರಲಿಲ್ಲ. ಆದರೆ ಹಬೆಗೆ ಕನ್ನಡಕ ಮಂಜಾಗುತ್ತಿತ್ತು. ಗಿರಾಕಿಗಳ ಎರಡು ಅಂಗಿ ಸುಟ್ಟವು. ಕಳೆದ ತಿಂಗಳು ಅವಳ ಅಂಗೈಯೇ ಸುಟ್ಟಿತು. ಇನ್ನೊಂದು ಸಲ ಹೀಗಾದರೆ ಬೇರೆ ಕೆಲಸ ನೋಡಿಕೊ ಎಂದಿದ್ದ ಯಜಮಾನ.

ನಾದಿನಿ ಕಣ್ಣಾಸ್ಪತ್ರೆಯಲ್ಲಿ ನರ್ಸ್. ಕಂಡವರ ದನಿ ಕದಿಯುವುದರಲ್ಲಿ ಅಣ್ಣನಿಗೆ ತಕ್ಕ ತಂಗಿ. ಎರಡು ವಾರದ ಹಿಂದೆ, ಬೆವರಿಳಿಯುವ ಸೆಕೆಯಲ್ಲಿ, ಅತ್ತಿಗೆಗೆ ಎಲ್ಲ ಪರೀಕ್ಷೆ ಮಾಡಿಸಿ ಮನೆಗೆ ಬಂದವಳು ಮೂಗಿನಲ್ಲಿ ಮಾತಾಡುವ ಡಾಕ್ಟರ ದನಿಯನ್ನೇ ಅಡುಗೆಮನೆಗೆ ಇಳಿಸಿದ್ದಳು.

"ನೋಡೀಮ್ಮಾ, ಪವರ್ ಎರಡು ವರ್ಷದಿಂದ ಅಲ್ಲಾಡಿಲ್ಲ, ಕಣ್ಣಿನ ಮುಂದಿನ ಪರದೆ ಸಾಕಷ್ಟು ದಪ್ಪ ಇದೆ. ಮೇಲಿನ ಪದರಾನ ಪುಸ್ತಕದ ಹಾಳೆ ಥರ ಎತ್ತೋದು, ಅಡಿಯಲ್ಲಿ ಲೇಸರಿಂದ ಒಂಚೂರು ಸವೆಸೋದು, ಹಾಳೆ ಮುಚ್ಚೋದು. ಬೆಳಕು ಬೀಳಬೇಕಾದ ಕಡೆ ಬೀಳುತ್ತೆ."

ಅತ್ತಿಗೆ ನಗಲಿಲ್ಲ. "ಬೇಡ ಅನ್ನಿಸಿದ್ರೆ ಮೊದಲಿನ ಹಾಗೆ ಮಾಡ್ತಾರಾ?"

ನಾದಿನಿ ಸ್ವಂತ ದನಿಗೆ ಮರಳಿದಳು. "ಸವೆದದ್ದು ಮತ್ತೆ ಬೆಳೆಯಲ್ಲ ಅತ್ತಿಗೆ. ಮಸುಕು ವಾಪಸ್ ಕೊಡಿ ಅಂತ ಯಾರಾದ್ರೂ ಕೇಳ್ತಾರಾ?"

ಆಪರೇಷನ್ನಿನ ದಿನ ಈಗ ಬಂದಿತ್ತು. ಚಳಿಯೂ ಅದೇ ಬೆಳಿಗ್ಗೆ ಶುರುವಾಗಿತ್ತು. ಕಿಟಕಿ ಭದ್ರವಾಗಿ ಮುಚ್ಚಿದ್ದಳು. ಕರೆಂಟು ಹೋಗಿ ನೀರು ಕಾದಿರಲಿಲ್ಲ. ತಣ್ಣೀರಲ್ಲೇ ಮುಖ ತೊಳೆದು ಬಂದು, ಕನ್ನಡಕವಿಲ್ಲದ ಕಣ್ಣಿನಿಂದ ಕೊನೆಯ ಸಲ ಅವರತ್ತ ನೋಡಿದಳು.

"ಹೋಗಿ ಬರಲಾ?"

ತೋಳು ಮೆಲ್ಲಗೆ ಎದ್ದು ಇಳಿಯಿತು. ಅವಳು ಬೆನ್ನು ತಿರುಗಿಸಿದಳು.

ಆಸ್ಪತ್ರೆಯಲ್ಲಿ ಮರಗಟ್ಟಿಸುವ ಹನಿ ಹಾಕಿದರು. ಮಿನುಗುವ ದೀಪವನ್ನೇ ನೋಡು ಎಂದರು. ಕೂದಲು ಸೀದ ವಾಸನೆ. ಯಾರ ಅಂಗಿ ಸುಟ್ಟಿತೋ ಎಂದು ಅವಳ ಕೈ ತಾನಾಗಿ ಇಸ್ತ್ರಿ ಪೆಟ್ಟಿಗೆ ಹುಡುಕಿತು. ಒಂದೊಂದು ಕಣ್ಣಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಆ ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಂಡು ನಾದಿನಿಯ ಮನೆಯಲ್ಲೇ ಮಲಗಿದಳು.

ಮಾರನೆಯ ದಿನ ಆಸ್ಪತ್ರೆಯ ಚಾರ್ಟಿನಲ್ಲಿ ಕೊನೆಯ ಸಾಲಿನ ಇರುವೆಯಂಥ ಅಕ್ಷರವನ್ನೂ ಓದಿದಳು. ಡಾಕ್ಟರು ಮೂಗಿನಲ್ಲೇ ಖುಷಿಪಟ್ಟರು. ನಾದಿನಿಯ ಕೈ ಹಿಡಿದು ಹೊರಬಂದರೆ, ಗೇಟಿನ ಬಳಿ ಆಸ್ಪತ್ರೆಯ ವಾಚ್‌ಮನ್ ಚಳಿಗೆ ಮುದುಡಿ ಸ್ಟೂಲಿನ ಮೇಲೆ ಕೂತಿದ್ದ. ಇಪ್ಪತ್ತು ಅಡಿ ದೂರ. ಕಂದು ಕೋಟು. ಎಡತೋಳಿನಲ್ಲಿ ಮೂರು ಕಂದು ಗುಂಡಿ, ಹಸಿರು ದಾರದಲ್ಲಿ ಹೊಲಿದ ಒಂದು ಕಪ್ಪು ಗುಂಡಿ. ಬೇರೆ ಗುಂಡಿ ಸಿಗದೆ ಅದನ್ನು ಹೊಲಿದವಳು ಅವಳೇ.

ಅವಳು ಕೈ ಬಿಡಿಸಿಕೊಂಡಳು. "ನಿನ್ನೆ ನಾನಿಲ್ಲದಾಗ ನನ್ನ ಮನೆಗೆ ಹೋಗಿದ್ಯಾ?"

"ಇಲ್ವಲ್ಲ. ಯಾಕೆ?"

"ಮತ್ತೆ ಅವರ ಕೋಟು ಅವನ ಮೈಮೇಲೆ ಹೇಗೆ ಬಂತು?"

ನಾದಿನಿ ಗೇಟಿನತ್ತ ನೋಡಿದಳು. ಈ ಸಲ ಯಾರ ದನಿಯನ್ನೂ ತರಲಿಲ್ಲ. "ಅದಾ? ಅಣ್ಣ ತೀರಿಕೊಂಡ ವಾರವೇ ನಾನು ಅವನಿಗೆ ಕೊಟ್ಟದ್ದು ಅತ್ತಿಗೆ. ಬಟ್ಟೆ ಎಲ್ಲ ತೆಗೆದುಬಿಡು, ನನ್ನ ಕೈಲಾಗಲ್ಲ ಅಂತ ನೀವೇ ಹೇಳಿದ್ರಿ. ಬಾಗಿಲ ಹಿಂದಿನ ಮೊಳೆಯನ್ನೂ ಅವತ್ತೇ ಕಿತ್ತುಹಾಕಿದ್ದೆ."

ಹದಿನಾಲ್ಕು ತಿಂಗಳು. ದಿನಾ ಅರ್ಧ ಗಂಟೆ. ನಿನ್ನೆ ಕಿಟಕಿ ಮುಚ್ಚಿತ್ತು, ಕರೆಂಟಿಲ್ಲದೆ ಫ್ಯಾನು ನಿಂತಿತ್ತು, ತೋಳು ಎದ್ದಿತ್ತು.

ಅವಳು ಬಂದ ದಾರಿಯಲ್ಲೇ ತಿರುಗಿ ಡಾಕ್ಟರ ಕೋಣೆಯ ಬಾಗಿಲು ತಳ್ಳಿದಳು. "ಡಾಕ್ಟ್ರೇ, ಇದನ್ನ ಮೊದಲಿನ ಹಾಗೆ ಮಾಡಿಕೊಡ್ತೀರಾ?"